ಹಿರಿಯ ಪಾದಯಾತ್ರಿಗಳ ವಿಮೆ

ಹಿರಿಯ ಪಾದಯಾತ್ರಿಗಳ ವಿಮೆ ಎಂದರೆ 60 ವರ್ಷ ಮೀರಿದವರು ಹಲವು ದಿನಗಳ ಕಾಲ್ನಡಿಗೆಯ ಯಾತ್ರೆಯನ್ನು ಕೈಗೊಂಡಾಗ ಅಪಘಾತ, ಕಾಯಿಲೆ ಅಥವಾ ಮರಣದಿಂದ ಉಂಟಾಗುವ ನಷ್ಟಕ್ಕೆ ರಕ್ಷಣೆ ಒದಗಿಸುವ ಪಾಲಿಸಿಗಳು, ಸರ್ಕಾರಿ ಯೋಜನೆಗಳು ಮತ್ತು ಕಾನೂನುಬದ್ಧ ಪರಿಹಾರಗಳ ಒಟ್ಟು ವ್ಯವಸ್ಥೆ. ದೇಶದೊಳಗಿನ ಪಾದಯಾತ್ರೆಯ ಎಲ್ಲ ಅಪಾಯಗಳನ್ನೂ ಒಂದೇ ಪಾಲಿಸಿಯಲ್ಲಿ ಪಡೆಯುವುದು ಹಿರಿಯರಿಗೆ ಕಷ್ಟ. ಆದ್ದರಿಂದ ಅಪಘಾತ ವಿಮೆ, ಆರೋಗ್ಯ ವಿಮೆ ಮತ್ತು ಮೋಟಾರು ವಾಹನ ಕಾಯ್ದೆಯ ಪರಿಹಾರ ಎಂಬ ಮೂರು ಬೇರೆ ಬೇರೆ ಮೂಲಗಳನ್ನು ಕೂಡಿಸಿಕೊಳ್ಳಬೇಕಾಗುತ್ತದೆ. ಇವುಗಳಲ್ಲಿ ಮೊದಲ ಎರಡಕ್ಕೆ ವಯಸ್ಸು ಮುಖ್ಯವಾದ ಅಡ್ಡಿ. ಮೂರನೆಯದಕ್ಕೆ ವಯೋಮಿತಿ ಇಲ್ಲ. ಈ ಲೇಖನವು ಬೆಳಗಾವಿ ನಗರ ಮತ್ತು ಖಾನಾಪುರ ತಾಲ್ಲೂಕಿನಿಂದ ಹೊರಡುವ ಯಾತ್ರಿಗಳನ್ನು ಮುಖ್ಯವಾಗಿ ಗಮನದಲ್ಲಿ ಇಟ್ಟುಕೊಂಡಿದೆ.

ಹಿನ್ನೆಲೆ

ಬೆಳಗಾವಿ ಜಿಲ್ಲೆಯಲ್ಲಿ ಪಾದಯಾತ್ರೆಯ ಸಂಪ್ರದಾಯ ಬಲವಾಗಿದೆ. ನೇಕಾರರ ಬಡಾವಣೆಯಾದ ವಡಗಾವಿಯೂ ಸೇರಿದಂತೆ ನಗರದ ಹಲವು ಭಾಗಗಳಿಂದ ಮತ್ತು ಖಾನಾಪುರದ ಹಳ್ಳಿಗಳಿಂದ ಜನರು ಕಾಲ್ನಡಿಗೆಯಲ್ಲಿ ಕ್ಷೇತ್ರಗಳಿಗೆ ಹೋಗುತ್ತಾರೆ. ಇವರಲ್ಲಿ ಕನ್ನಡ ಮತ್ತು ಮರಾಠಿ ಮಾತನಾಡುವವರಿಬ್ಬರೂ ಇದ್ದಾರೆ. ಮುಖ್ಯ ಯಾತ್ರೆಗಳು ಇವು:

• ಪಂಢರಪುರ: ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆಯಲ್ಲಿ ಭೀಮಾ ನದಿಯ ದಡದಲ್ಲಿರುವ ವಿಠ್ಠಲನ ಕ್ಷೇತ್ರ. ಆಷಾಢ ಮತ್ತು ಕಾರ್ತಿಕ ಏಕಾದಶಿಗೆ ವಾರಕರಿಗಳು ದಿಂಡಿಗಳಲ್ಲಿ ನಡೆದು ಹೋಗುತ್ತಾರೆ. ಆಷಾಢದ ವಾರಿ ಮಳೆಗಾಲದಲ್ಲಿ ಬರುತ್ತದೆ.

• ಶ್ರೀಶೈಲ: ಆಂಧ್ರಪ್ರದೇಶದಲ್ಲಿರುವ ಮಲ್ಲಿಕಾರ್ಜುನನ ಕ್ಷೇತ್ರ. ಯುಗಾದಿಗೆ ಮುನ್ನ ಬೆಳಗಾವಿ, ಬಾಗಲಕೋಟೆ, ವಿಜಯಪುರ ಮುಂತಾದ ಜಿಲ್ಲೆಗಳ ಭಕ್ತರು ನಡೆದು ಹೋಗುತ್ತಾರೆ. ಬೆಳಗಾವಿಯಿಂದ ದಾರಿ 500 ಕಿ.ಮೀ.ಗೂ ಹೆಚ್ಚು. ಕೊನೆಯ ಭಾಗ ನಲ್ಲಮಲ ಅರಣ್ಯದ ಮೂಲಕ ಸಾಗುತ್ತದೆ. ಬಿಸಿಲು ಏರುವ ಕಾಲವಿದು.

• ಸವದತ್ತಿ: ಯಲ್ಲಮ್ಮನ ಗುಡ್ಡವು ಬೆಳಗಾವಿ ಜಿಲ್ಲೆಯಲ್ಲೇ ಇದೆ. ಇಲ್ಲಿ ಯಾತ್ರಿ ರಾಜ್ಯದ ಗಡಿ ದಾಟುವುದಿಲ್ಲ.

ಮೊದಲ ಎರಡು ಯಾತ್ರೆಗಳಲ್ಲಿ ಯಾತ್ರಿ ಬೇರೆ ರಾಜ್ಯವನ್ನು ಪ್ರವೇಶಿಸುತ್ತಾನೆ. ರಾಜ್ಯ ಸರ್ಕಾರದ ಆರೋಗ್ಯ ಯೋಜನೆಗಳ ವ್ಯಾಪ್ತಿಯ ಪ್ರಶ್ನೆ ಏಳುವುದು ಈ ಕಾರಣದಿಂದ.

ಪ್ರವಾಸ ವಿಮೆಯ ಮಿತಿಗಳು

ಪ್ರವಾಸ ವಿಮೆ ಎಂಬ ಹೆಸರಿನಲ್ಲಿ ಮಾರಾಟವಾಗುವ ಪಾಲಿಸಿಗಳು ಹೆಚ್ಚಾಗಿ ವಿದೇಶ ಪ್ರಯಾಣಕ್ಕೆ ರೂಪಿಸಿದಂಥವು. ದೇಶದೊಳಗಿನ ಪ್ರವಾಸ ಪಾಲಿಸಿಗಳೂ ಟಿಕೆಟ್ ರದ್ದತಿ, ಸಾಮಾನು ಕಳವು, ವಾಹನ ವಿಳಂಬ ಮುಂತಾದವುಗಳಿಗೆ ಒತ್ತು ಕೊಡುತ್ತವೆ. ಟಿಕೆಟ್ ಇಲ್ಲದ ಕಾಲ್ನಡಿಗೆಯು ಪಾಲಿಸಿಯ ‘ಪ್ರವಾಸ’ ಎಂಬ ವ್ಯಾಖ್ಯೆಗೆ ಒಳಪಡುತ್ತದೆಯೇ ಎಂಬುದನ್ನು ಪಾಲಿಸಿಯ ದಾಖಲೆಯಲ್ಲಿಯೇ ನೋಡಬೇಕು.

ಐಆರ್‌ಸಿಟಿಸಿ ಮೂಲಕ ರೈಲು ಟಿಕೆಟ್ ಕೊಳ್ಳುವಾಗ ಪೈಸೆಗಳ ಲೆಕ್ಕದ ಕಂತಿಗೆ 10 ಲಕ್ಷ ರೂಪಾಯಿವರೆಗಿನ ಐಚ್ಛಿಕ ವಿಮೆ ದೊರೆಯುತ್ತದೆ. ಇದು ರೈಲು ಪ್ರಯಾಣಕ್ಕೆ ಮಾತ್ರ ಸಂಬಂಧಿಸಿದ್ದು. ಪಂಢರಪುರದಿಂದ ಮಿರಜ್ ಮಾರ್ಗವಾಗಿ ರೈಲಿನಲ್ಲಿ ಮರಳುವವರಿಗೆ ಇದು ಉಪಯುಕ್ತ. ನಡಿಗೆಯ ದಿನಗಳಿಗೆ ಅನ್ವಯಿಸುವುದಿಲ್ಲ.

ಅಪಘಾತ ವಿಮೆ

ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆ

2015ರ ಮೇ 9ರಂದು ಆರಂಭವಾದ ಈ ಯೋಜನೆಯು 18ರಿಂದ 70 ವರ್ಷದವರಿಗೆ ಬ್ಯಾಂಕ್ ಅಥವಾ ಅಂಚೆ ಕಚೇರಿಯ ಖಾತೆಯ ಮೂಲಕ ದೊರೆಯುತ್ತದೆ. ವಾರ್ಷಿಕ ಕಂತು ಮೊದಲು 12 ರೂಪಾಯಿ ಇತ್ತು; 2022ರ ಜೂನ್ 1ರಿಂದ 20 ರೂಪಾಯಿ ಆಗಿದೆ. ಅವಧಿ ಜೂನ್ 1ರಿಂದ ಮರುವರ್ಷದ ಮೇ 31ರವರೆಗೆ. ಅಪಘಾತದಿಂದ ಮರಣ ಅಥವಾ ಪೂರ್ಣ ಅಂಗವೈಕಲ್ಯ ಉಂಟಾದರೆ 2 ಲಕ್ಷ ರೂಪಾಯಿ, ಒಂದು ಕಣ್ಣು ಅಥವಾ ಒಂದು ಕೈ ಇಲ್ಲವೇ ಕಾಲಿನ ಶಾಶ್ವತ ನಷ್ಟಕ್ಕೆ 1 ಲಕ್ಷ ರೂಪಾಯಿ ದೊರೆಯುತ್ತದೆ. ಆಸ್ಪತ್ರೆಯ ವೆಚ್ಚವನ್ನು ಈ ಯೋಜನೆ ಭರಿಸುವುದಿಲ್ಲ.

ಆಷಾಢದ ವಾರಿ ಜೂನ್–ಜುಲೈ ತಿಂಗಳಲ್ಲಿ ಬರುವುದರಿಂದ ಮೇ ಕೊನೆಯಲ್ಲಿ ಖಾತೆಯಲ್ಲಿ ಹಣವಿಲ್ಲದೆ ಕಂತು ಕಡಿತವಾಗದಿದ್ದರೆ ಯಾತ್ರಿಯು ರಕ್ಷಣೆಯಿಲ್ಲದೆ ಹೊರಟಂತಾಗುತ್ತದೆ. 70 ವರ್ಷ ತುಂಬಿದಾಗ ಯೋಜನೆ ಕೊನೆಗೊಳ್ಳುತ್ತದೆ. ಇದರ ಜೊತೆಗೇ ಆರಂಭವಾದ ಪ್ರಧಾನ ಮಂತ್ರಿ ಜೀವನ ಜ್ಯೋತಿ ಬಿಮಾ ಯೋಜನೆಗೆ 50 ವರ್ಷದೊಳಗೆ ಸೇರಬೇಕು, ರಕ್ಷಣೆ 55 ವರ್ಷಕ್ಕೆ ಮುಗಿಯುತ್ತದೆ. ಆದ್ದರಿಂದ ಅದು ಹಿರಿಯ ಯಾತ್ರಿಗಳಿಗೆ ಒದಗುವುದಿಲ್ಲ.

ಸರಳ ಸುರಕ್ಷಾ ಬಿಮಾ

ಭಾರತೀಯ ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರ (ಐಆರ್‌ಡಿಎಐ) ರೂಪಿಸಿದ ಈ ಮಾದರಿ ವೈಯಕ್ತಿಕ ಅಪಘಾತ ಪಾಲಿಸಿಯು 2021ರ ಏಪ್ರಿಲ್‌ನಲ್ಲಿ ಜಾರಿಗೆ ಬಂದಿತು. ವಿಮಾ ಮೊತ್ತ 2.5 ಲಕ್ಷದಿಂದ 1 ಕೋಟಿ ರೂಪಾಯಿವರೆಗೆ. ಪ್ರವೇಶದ ವಯಸ್ಸು 70 ವರ್ಷದವರೆಗೆ ಇದ್ದು, ಒಮ್ಮೆ ಸೇರಿದವರು ಜೀವಮಾನವಿಡೀ ನವೀಕರಿಸಬಹುದು. 70 ತುಂಬುವ ಮುನ್ನ ಸೇರಿಕೊಳ್ಳುವುದರ ಪ್ರಯೋಜನ ಇಲ್ಲಿ ಸ್ಪಷ್ಟವಾಗುತ್ತದೆ.

ಅಪಘಾತದ ವ್ಯಾಖ್ಯೆ

ವಿಮೆಯ ಭಾಷೆಯಲ್ಲಿ ಅಪಘಾತವೆಂದರೆ ಬಾಹ್ಯವಾದ, ಕಣ್ಣಿಗೆ ಕಾಣುವ ಮತ್ತು ಬಲಪ್ರಯೋಗದಿಂದ ಕೂಡಿದ ಕಾರಣದಿಂದ ಹಠಾತ್ತಾಗಿ, ಅನಿರೀಕ್ಷಿತವಾಗಿ ಸಂಭವಿಸುವ ಘಟನೆ. ವಾಹನ ಡಿಕ್ಕಿ, ಜಾರಿ ಬೀಳುವುದು, ನೀರಿನಲ್ಲಿ ಮುಳುಗುವುದು, ಹಾವು ಕಡಿತ ಮುಂತಾದವು ಇದರಲ್ಲಿ ಸೇರುತ್ತವೆ. ನಡೆಯುತ್ತಿರುವಾಗ ಆಗುವ ಹೃದಯಾಘಾತ, ಪಾರ್ಶ್ವವಾಯು, ಜ್ವರ, ನಿರ್ಜಲೀಕರಣ ಮತ್ತು ಮಧುಮೇಹಿಗಳ ಕಾಲಿನ ಹುಣ್ಣು ಕಾಯಿಲೆಗಳೇ ಹೊರತು ಅಪಘಾತಗಳಲ್ಲ. ಬಿಸಿಲಾಘಾತವನ್ನೂ ಸಾಮಾನ್ಯವಾಗಿ ಅಪಘಾತವೆಂದು ಪರಿಗಣಿಸುವುದಿಲ್ಲ. ಆದ್ದರಿಂದ ಅಪಘಾತ ವಿಮೆಯೊಂದನ್ನೇ ನೆಚ್ಚಿದ ಹಿರಿಯ ಯಾತ್ರಿಗೆ ದೇಹಶ್ರಮದಿಂದ ಬರುವ ಅಪಾಯಗಳಲ್ಲಿ ಬಹುಪಾಲಿಗೆ ರಕ್ಷಣೆ ಇರುವುದಿಲ್ಲ.

ಆರೋಗ್ಯ ವಿಮೆ

ವಯೋಮಿತಿ

ಆರೋಗ್ಯ ವಿಮಾ ಕಂಪನಿಗಳು ಕನಿಷ್ಠ 65 ವರ್ಷದವರೆಗಿನವರಿಗೆ ಪ್ರವೇಶ ಕೊಡಬೇಕೆಂಬ ಹಳೆಯ ನಿಯಮದಿಂದಾಗಿ 65 ಎಂಬುದೇ ವಾಡಿಕೆಯ ಮಿತಿಯಾಗಿತ್ತು. 2024ರ ಏಪ್ರಿಲ್ 1ರಿಂದ ಜಾರಿಗೆ ಬಂದ ಐಆರ್‌ಡಿಎಐ ನಿಯಮಾವಳಿಯು ಎಲ್ಲ ವಯೋಮಾನದವರಿಗೂ ಆರೋಗ್ಯ ವಿಮಾ ಉತ್ಪನ್ನಗಳನ್ನು ಒದಗಿಸುವಂತೆ ಕಂಪನಿಗಳಿಗೆ ಸೂಚಿಸಿತು. ಹೀಗಿದ್ದರೂ ಅರ್ಜಿದಾರರ ಆರೋಗ್ಯ ಸ್ಥಿತಿಯನ್ನು ಪರಿಶೀಲಿಸಿ ಕಂತು ನಿಗದಿಪಡಿಸುವ ಅಥವಾ ಅರ್ಜಿಯನ್ನು ನಿರಾಕರಿಸುವ ಅಧಿಕಾರ ಕಂಪನಿಗಳಿಗೆ ಉಳಿದಿದೆ.

2025ರ ಜನವರಿಯಲ್ಲಿ, 60 ವರ್ಷ ಮೀರಿದವರ ಕಂತನ್ನು ಪ್ರಾಧಿಕಾರದೊಂದಿಗೆ ಮುಂಚಿತವಾಗಿ ಸಮಾಲೋಚಿಸದೆ ವರ್ಷಕ್ಕೆ ಶೇ. 10ಕ್ಕಿಂತ ಹೆಚ್ಚು ಏರಿಸಬಾರದೆಂದು ಐಆರ್‌ಡಿಎಐ ನಿರ್ದೇಶಿಸಿತು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ಪಾಲಿಸಿಗಳ ಮೇಲಿನ ಶೇ. 18ರ ಜಿಎಸ್‌ಟಿಯನ್ನು ತೆಗೆದುಹಾಕಲಾಯಿತು.

ಕಾಯುವ ಅವಧಿ

ಹೊಸ ಪಾಲಿಸಿಯ ಮೊದಲ 30 ದಿನ ಅಪಘಾತವನ್ನು ಬಿಟ್ಟು ಬೇರೆ ಕಾಯಿಲೆಗಳಿಗೆ ಸಾಮಾನ್ಯವಾಗಿ ರಕ್ಷಣೆ ಇರುವುದಿಲ್ಲ. ಪಾಲಿಸಿಗೆ ಮೊದಲೇ ಇದ್ದ ರಕ್ತದೊತ್ತಡ, ಮಧುಮೇಹ ಮುಂತಾದ ಕಾಯಿಲೆಗಳಿಗೆ ಗರಿಷ್ಠ 36 ತಿಂಗಳ ಕಾಯುವ ಅವಧಿಯನ್ನು ವಿಧಿಸಬಹುದು. 2024ಕ್ಕೆ ಮುಂಚೆ ಇದು 48 ತಿಂಗಳಾಗಿತ್ತು. ಯಾತ್ರೆಗೆ ಹೊರಡುವ ವಾರದಲ್ಲಿ ಕೊಂಡ ಪಾಲಿಸಿಯು ದಾರಿಯಲ್ಲಿ ಬರುವ ಜ್ವರಕ್ಕೂ ಹಳೆಯ ಕಾಯಿಲೆಗೂ ಉಪಯೋಗಕ್ಕೆ ಬಾರದಿರುವುದು ಈ ಎರಡು ನಿಯಮಗಳಿಂದ.

ಕಾಯಿಲೆಯನ್ನು ಅರ್ಜಿಯಲ್ಲಿ ಮರೆಮಾಚಿದರೆ ಕಂಪನಿಯು ಪರಿಹಾರವನ್ನು ನಿರಾಕರಿಸಬಹುದು. ಪಾಲಿಸಿ ಸತತವಾಗಿ 60 ತಿಂಗಳು ನಡೆದ ಬಳಿಕ, ವಂಚನೆ ಸಾಬೀತಾಗದ ಹೊರತು, ಮಾಹಿತಿ ಮುಚ್ಚಿಟ್ಟ ಕಾರಣ ನೀಡಿ ಪರಿಹಾರ ನಿರಾಕರಿಸುವಂತಿಲ್ಲ. ಹಿರಿಯರ ಪಾಲಿಸಿಗಳಲ್ಲಿ ವೆಚ್ಚದ ಒಂದು ಪಾಲನ್ನು ರೋಗಿಯೇ ಭರಿಸುವ ಸಹಪಾವತಿ ಷರತ್ತು ಸಾಮಾನ್ಯವಾಗಿರುತ್ತದೆ.

ಸರ್ಕಾರಿ ಯೋಜನೆಗಳು ಮತ್ತು ರಾಜ್ಯದ ಗಡಿ

ಕರ್ನಾಟಕದಲ್ಲಿ ಕೇಂದ್ರ ಮತ್ತು ರಾಜ್ಯದ ಯೋಜನೆಗಳನ್ನು ಒಗ್ಗೂಡಿಸಿ 2018ರಲ್ಲಿ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕವನ್ನು ಜಾರಿಗೊಳಿಸಲಾಯಿತು. ಬಿಪಿಎಲ್ ಕುಟುಂಬಗಳಿಗೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಉಚಿತ. ಎಪಿಎಲ್ ಕುಟುಂಬಗಳಿಗೆ ಪ್ಯಾಕೇಜ್ ದರದ ಶೇ. 30ರಷ್ಟನ್ನು, ವರ್ಷಕ್ಕೆ 1.5 ಲಕ್ಷ ರೂಪಾಯಿ ಮಿತಿಯೊಳಗೆ, ಸರ್ಕಾರ ಭರಿಸುತ್ತದೆ. ಈ ಯೋಜನೆಯಲ್ಲಿ ಪ್ರವೇಶಕ್ಕೆ ವಯಸ್ಸಿನ ಗರಿಷ್ಠ ಮಿತಿ ಇಲ್ಲ.

ಕೇಂದ್ರದ ಪ್ರಧಾನ ಮಂತ್ರಿ ಜನ ಆರೋಗ್ಯ ಯೋಜನೆಯ ಅರ್ಹ ಫಲಾನುಭವಿಗಳು ಬೇರೆ ರಾಜ್ಯದ ನೋಂದಾಯಿತ ಆಸ್ಪತ್ರೆಯಲ್ಲಿಯೂ ಚಿಕಿತ್ಸೆ ಪಡೆಯಬಹುದು. ರಾಜ್ಯವು ತನ್ನ ವೆಚ್ಚದಲ್ಲಿ ಸೇರಿಸಿದ ಕುಟುಂಬಗಳ ಸ್ಥಿತಿ ಬೇರೆ ಇರಬಹುದಾದ್ದರಿಂದ, ಕಾರ್ಡು ಮಹಾರಾಷ್ಟ್ರ ಅಥವಾ ಆಂಧ್ರದಲ್ಲಿ ನಡೆಯುತ್ತದೆಯೇ ಎಂಬುದನ್ನು ಹೊರಡುವ ಮೊದಲೇ ಬೆಳಗಾವಿಯ ಜಿಲ್ಲಾ ಆಸ್ಪತ್ರೆ ಅಥವಾ ಖಾನಾಪುರದ ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಿಕೊಳ್ಳಬೇಕು. 2024ರ ಅಕ್ಟೋಬರ್ 29ರಂದು ಕೇಂದ್ರವು 70 ವರ್ಷ ತುಂಬಿದ ಎಲ್ಲರಿಗೂ, ಆದಾಯವನ್ನು ಪರಿಗಣಿಸದೆ, 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಒದಗಿಸುವ ‘ಆಯುಷ್ಮಾನ್ ವಯ ವಂದನಾ’ ಕಾರ್ಡನ್ನು ಆರಂಭಿಸಿತು. ಇದರ ಜಾರಿಯು ರಾಜ್ಯ ಸರ್ಕಾರಗಳ ಮೂಲಕ ನಡೆಯುತ್ತದೆ.

ವಾರಕರಿಗಳ ವಿಮೆ

ಮಹಾರಾಷ್ಟ್ರ ಸರ್ಕಾರವು 2023ರ ಜೂನ್‌ನಲ್ಲಿ ಪಂಢರಪುರದ ಆಷಾಢ ವಾರಿಗಾಗಿ ‘ವಿಠ್ಠಲ ರುಕ್ಮಿಣಿ ವಾರಕರಿ ವಿಮಾ ಛತ್ರ ಯೋಜನೆ’ಯನ್ನು ಪ್ರಕಟಿಸಿತು. 30 ದಿನಗಳ ಈ ರಕ್ಷಣೆಯಲ್ಲಿ ಮರಣಕ್ಕೆ 5 ಲಕ್ಷ, ಶಾಶ್ವತ ಅಂಗವೈಕಲ್ಯಕ್ಕೆ 1 ಲಕ್ಷ, ಭಾಗಶಃ ಅಂಗವೈಕಲ್ಯಕ್ಕೆ 50,000 ಹಾಗೂ ವಾರಿಯ ವೇಳೆಯ ಕಾಯಿಲೆಯ ಚಿಕಿತ್ಸೆಗೆ 35,000 ರೂಪಾಯಿವರೆಗೆ ನಿಗದಿಪಡಿಸಲಾಯಿತು. ಅಪಘಾತದ ಜೊತೆಗೆ ಕಾಯಿಲೆಯನ್ನೂ ಪರಿಗಣಿಸಿದ್ದು ಇದರ ವೈಶಿಷ್ಟ್ಯ. ಕರ್ನಾಟಕದಿಂದ ಹೋಗುವ ದಿಂಡಿಗಳು ಇದೊಂದನ್ನೇ ನೆಚ್ಚದೆ ಸ್ವಂತ ವ್ಯವಸ್ಥೆಯನ್ನೂ ಮಾಡಿಕೊಳ್ಳುವುದು ಕ್ಷೇಮ.

ನೋಂದಾಯಿತ ಭಜನಾ ಮಂಡಳಿ, ಟ್ರಸ್ಟ್ ಅಥವಾ ಸಹಕಾರ ಸಂಘಗಳು ಸದಸ್ಯರ ಪರವಾಗಿ ಗುಂಪು ಅಪಘಾತ ಪಾಲಿಸಿಗೆ ಕಂಪನಿಗಳನ್ನು ಕೋರಬಹುದು. ಆದರೆ ವಿಮೆ ಪಡೆಯುವುದೊಂದೇ ಉದ್ದೇಶದಿಂದ ಗುಂಪು ಕಟ್ಟುವುದಕ್ಕೆ ನಿಯಮಗಳಲ್ಲಿ ಅವಕಾಶವಿಲ್ಲ. ಗುಂಪು ಪಾಲಿಸಿಯಲ್ಲಿ ವಯಸ್ಸಿನ ಮಿತಿ ಎಷ್ಟು ಮತ್ತು ಪ್ರತಿಯೊಬ್ಬರ ಹೆಸರು ಪಟ್ಟಿಯಲ್ಲಿ ಸೇರಿದೆಯೇ ಎಂಬುದು ಮುಖ್ಯ.

ವಾಹನ ಅಪಘಾತದ ಪರಿಹಾರ

ಹೆದ್ದಾರಿಯ ಅಂಚಿನಲ್ಲಿ ನಸುಕಿನಲ್ಲೂ ರಾತ್ರಿಯಲ್ಲೂ ನಡೆಯುವವರಿಗೆ ವಾಹನಗಳೇ ದೊಡ್ಡ ಅಪಾಯ. ಮೋಟಾರು ವಾಹನ ಕಾಯ್ದೆ, 1988ರ ಅಡಿಯ ಪರಿಹಾರಗಳಿಗೆ ಯಾತ್ರಿಯು ಸ್ವತಃ ಯಾವ ಪಾಲಿಸಿಯನ್ನೂ ಹೊಂದಿರಬೇಕಾಗಿಲ್ಲ.

• ಮೂರನೆಯ ವ್ಯಕ್ತಿ ವಿಮೆ: ಡಿಕ್ಕಿ ಹೊಡೆದ ವಾಹನದ ವಿಮಾ ಕಂಪನಿಯಿಂದ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯ ಮೂಲಕ ಪರಿಹಾರ ಕೋರಬಹುದು. ಅಪಘಾತ ಬೇರೆ ರಾಜ್ಯದಲ್ಲಿ ನಡೆದಿದ್ದರೂ ಅರ್ಜಿದಾರರು ತಾವು ವಾಸಿಸುವ ಪ್ರದೇಶದ ನ್ಯಾಯಮಂಡಳಿಗೆ ಅರ್ಜಿ ಸಲ್ಲಿಸಬಹುದಾದ್ದರಿಂದ ಬೆಳಗಾವಿಯ ಕುಟುಂಬವು ಸೊಲ್ಲಾಪುರಕ್ಕೆ ಅಲೆಯಬೇಕಾಗಿಲ್ಲ. 2019ರ ತಿದ್ದುಪಡಿಯಂತೆ ಅರ್ಜಿಗೆ ಆರು ತಿಂಗಳ ಗಡುವಿದೆ.

• ಗುದ್ದಿ ಪರಾರಿಯಾದ ಪ್ರಕರಣ: ವಾಹನ ಪತ್ತೆಯಾಗದಿದ್ದರೆ, 2022ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಯೋಜನೆಯಂತೆ ಮರಣಕ್ಕೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ ದೊರೆಯುತ್ತದೆ. ಈ ಅರ್ಜಿಯನ್ನು ಮಾತ್ರ ಅಪಘಾತ ನಡೆದ ಪ್ರದೇಶದ ವಿಚಾರಣಾಧಿಕಾರಿಗೆ ಸಲ್ಲಿಸಬೇಕು.

• ನಗದುರಹಿತ ಚಿಕಿತ್ಸೆ: 2025ರ ಮೇ ತಿಂಗಳಲ್ಲಿ ಅಧಿಸೂಚಿತವಾದ ಯೋಜನೆಯಂತೆ ರಸ್ತೆ ಅಪಘಾತದ ಗಾಯಾಳುವಿಗೆ ಮೊದಲ ಏಳು ದಿನ 1.5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಅವಕಾಶವಿದೆ.

ದಾಖಲೆಗಳು ಮತ್ತು ಪರಿಹಾರ ಕೋರುವಿಕೆ

ಊರಿನಿಂದ ದೂರದಲ್ಲಿ ಅನಾಹುತ ಸಂಭವಿಸಿದಾಗ ಪರಿಹಾರವು ದಾಖಲೆಗಳನ್ನು ಅವಲಂಬಿಸುತ್ತದೆ. ವಾಹನ ಅಪಘಾತ ಮತ್ತು ಮುಳುಗಿದ ಪ್ರಕರಣಗಳನ್ನು ಸ್ಥಳೀಯ ಪೊಲೀಸ್ ಠಾಣೆಗೆ ತಿಳಿಸಬೇಕು. ಹಾವು ಕಡಿತದಂಥ ಪ್ರಕರಣಗಳಲ್ಲಿ ಕೂಡಲೇ ಆಸ್ಪತ್ರೆಗೆ ಹೋದ ದಾಖಲೆ ಬೇಕು. ಮರಣೋತ್ತರ ಪರೀಕ್ಷೆ ಮಾಡಿಸದೆ ಶವವನ್ನು ಊರಿಗೆ ತಂದು ಅಂತ್ಯಕ್ರಿಯೆ ಮುಗಿಸಿದರೆ, ಸಾವಿಗೆ ಅಪಘಾತವೇ ಕಾರಣವೆಂದು ತೋರಿಸುವುದು ನಾಮಿನಿಗೆ ಬಹಳ ಕಷ್ಟವಾಗುತ್ತದೆ. ಠಾಣೆ ಮತ್ತು ಆಸ್ಪತ್ರೆಯ ಪ್ರತಿಗಳನ್ನು ಅಲ್ಲಿಂದ ಹೊರಡುವ ಮುನ್ನವೇ ಪಡೆಯುವುದು ಸೂಕ್ತ. ಅವು ಮರಾಠಿ ಅಥವಾ ತೆಲುಗಿನಲ್ಲಿದ್ದರೆ ಅನುವಾದ ಬೇಕಾಗಬಹುದು.

ಯಾತ್ರಿಯು ಆಧಾರ್, ಆರೋಗ್ಯ ಕಾರ್ಡು, ಪಾಲಿಸಿ ಸಂಖ್ಯೆ, ನಿತ್ಯ ಸೇವಿಸುವ ಔಷಧಗಳ ಚೀಟಿ ಮತ್ತು ಮನೆಯವರ ದೂರವಾಣಿ ಸಂಖ್ಯೆಯನ್ನು ನೀರು ತಾಗದಂತೆ ಒಯ್ಯುವುದು, ಅವುಗಳ ಪ್ರತಿಯನ್ನು ದಿಂಡಿಯ ಮುಖ್ಯಸ್ಥರ ಬಳಿ ಮತ್ತು ಮನೆಯಲ್ಲಿ ಇಡುವುದು ಅಗತ್ಯ. ನಾಮಿನಿಯು ಬದುಕಿದ್ದಾರೆಯೇ, ಬ್ಯಾಂಕಿನಲ್ಲಿ ಅವರ ಹೆಸರು ಸರಿಯಾಗಿ ದಾಖಲಾಗಿದೆಯೇ ಎಂಬುದನ್ನೂ ನೋಡಿಕೊಳ್ಳಬೇಕು. ತುರ್ತು ಸಂದರ್ಭದಲ್ಲಿ 112 ಮತ್ತು ಆಂಬುಲೆನ್ಸ್‌ಗಾಗಿ 108 ಸಂಖ್ಯೆಗಳು ಮೂರೂ ರಾಜ್ಯಗಳಲ್ಲಿ ಬಳಕೆಯಲ್ಲಿವೆ.

ದೂರು ಪರಿಹಾರ

ಕಂಪನಿಯು ಪರಿಹಾರ ನಿರಾಕರಿಸಿದರೆ ಮೊದಲು ಅದರ ಕುಂದುಕೊರತೆ ವಿಭಾಗಕ್ಕೆ ಲಿಖಿತ ದೂರು ನೀಡಬೇಕು. ಐಆರ್‌ಡಿಎಐಯ ‘ಬಿಮಾ ಭರೋಸಾ’ ಜಾಲತಾಣದಲ್ಲಿಯೂ ದೂರು ದಾಖಲಿಸಬಹುದು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಉತ್ತರ ತೃಪ್ತಿಕರವಾಗಿರದಿದ್ದರೆ ಬೆಂಗಳೂರಿನಲ್ಲಿರುವ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಒಂದು ವರ್ಷದೊಳಗೆ ದೂರು ಸಲ್ಲಿಸಬಹುದು. ಇದಕ್ಕೆ ಶುಲ್ಕವಿಲ್ಲ, ವಕೀಲರ ಅಗತ್ಯವೂ ಇಲ್ಲ. ಗ್ರಾಹಕರ ಆಯೋಗದ ಮೊರೆ ಹೋಗುವ ಹಕ್ಕು ಇದಲ್ಲದೆ ಪ್ರತ್ಯೇಕವಾಗಿ ಇದೆ.

ಇವನ್ನೂ ನೋಡಿ

• ವಾರಕರಿ ಸಂಪ್ರದಾಯ
• ಶ್ರೀಶೈಲ
• ಸವದತ್ತಿ
• ಆರೋಗ್ಯ ವಿಮೆ
• ಖಾನಾಪುರ