ಮಂಗನ ಕಾಯಿಲೆ: ಜ್ವರ ಬಿಟ್ಟ ಮೇಲಿನ ನಿತ್ರಾಣ

1957ರ ಬೇಸಿಗೆಯಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಒಂದರ ಹಿಂದೊಂದು ಸತ್ತವು. ಸುತ್ತಲಿನ ಹಳ್ಳಿಗಳಲ್ಲಿ ಜನರೂ ಜ್ವರ ಹಿಡಿದು ಮಲಗಿದರು. ಕಾರವಾರ, ಅಂಕೋಲೆಗಳಿರುವ ಉತ್ತರ ಕನ್ನಡ ಜಿಲ್ಲೆಯ ಸಿದ್ದಾಪುರ ತಾಲ್ಲೂಕು ಸೊರಬಕ್ಕೂ ಸಾಗರಕ್ಕೂ ಅಂಟಿಕೊಂಡಿದೆ. ಕಾಡಿಗೆ ತಾಲ್ಲೂಕಿನ ಗಡಿ ಇಲ್ಲ, ಕಾಯಿಲೆಗೂ ಇರಲಿಲ್ಲ.

ಮಂಗ ಸತ್ತದ್ದರಿಂದ ಮೊದಲು ಹುಟ್ಟಿದ್ದು ಹಳದಿ ಜ್ವರದ ಭಯ. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ಟೆಲ್‌ಫೋರ್ಡ್ ವರ್ಕ್ ಮತ್ತು ಸಂಗಡಿಗರು ಹುಡುಕಿದಾಗ ಸಿಕ್ಕಿದ್ದು ಬೇರೆಯೇ ವೈರಸ್. ಅದು ರಷ್ಯಾದ ಕಾಡುಗಳಲ್ಲಿ ಮಿದುಳಿನ ಉರಿಯೂತ ತರುವ ವೈರಸ್ಸಿನ ಹತ್ತಿರದ ಸಂಬಂಧಿ. ಹರಡುವುದು ಉಣ್ಣೆಯಿಂದ, ಮುಖ್ಯವಾಗಿ ಅದರ ಮರಿಯಿಂದ. ಎಳ್ಳಿನ ಕಾಳಿಗಿಂತ ಸಣ್ಣದಾದ ಈ ಮರಿ ಕಾಡಿನ ನೆಲದ ಒಣ ಎಲೆಗಳ ನಡುವೆ ಕಾದಿರುತ್ತದೆ. ಕೊಟ್ಟಿಗೆಗೂ ಗೊಬ್ಬರದ ಗುಂಡಿಗೂ ದರಕು (ಒಣ ಎಲೆ) ಗುಡಿಸಿ ತರುವ ಕಾಲವೂ, ಮರಿಗಳು ಹೆಚ್ಚುವ ಕಾಲವೂ ಒಂದೇ. ಘಟ್ಟದ ಮೇಲೂ ಅಂಕೋಲೆಯ ಕಡೆಯ ಘಟ್ಟದ ಬುಡದಲ್ಲೂ ತೋಟಕ್ಕೆ ದರಕು, ಸೊಪ್ಪು ಬೇಕೇ ಬೇಕು. ಉಣ್ಣೆ ಹತ್ತದಂತೆ ಕೈಕಾಲಿಗೆ ಡಿಎಂಪಿ ಎಣ್ಣೆ ಹಚ್ಚಿಕೊಂಡು ಕಾಡಿಗೆ ಹೋಗುವ ರೂಢಿ ಬಂದದ್ದು ಇದರಿಂದಲೇ.

ಜ್ವರ ಒಮ್ಮೆಲೇ ಏರುತ್ತದೆ. ತಲೆ ಸಿಡಿಯುತ್ತದೆ, ಸೊಂಟ ಮತ್ತು ಮೀನಖಂಡದ ಸ್ನಾಯುಗಳು ನೋಯುತ್ತವೆ, ಕೆಲವರಿಗೆ ಮೂಗು, ವಸಡಿನಿಂದ ರಕ್ತ ಬರುತ್ತದೆ. ಬಿಟ್ಟುಹೋಯಿತು ಅನ್ನುವಷ್ಟರಲ್ಲಿ, ಒಂದೆರಡು ವಾರದ ಬಳಿಕ, ಕೆಲವರಲ್ಲಿ ಮತ್ತೆ ಮರಳುತ್ತದೆ. ಆಗ ಕುತ್ತಿಗೆ ಸೆಟೆಯುತ್ತದೆ, ಕೈ ನಡುಗುತ್ತದೆ, ಮಂಪರು ಕವಿಯುತ್ತದೆ, ಮಾತು ತಪ್ಪುತ್ತದೆ. ವೆಬ್ ಮತ್ತು ಲಕ್ಷ್ಮಣ ರಾವ್ 1961ರಲ್ಲಿ ಪ್ರಕಟಿಸಿದ ಅಧ್ಯಯನ ಇಂಥ ನರಸಂಬಂಧಿ ತೊಡಕುಗಳನ್ನು ದಾಖಲಿಸಿತು. ಬದುಕಿ ಉಳಿದವರಿಗೂ ನಿತ್ರಾಣ ಬಹುಕಾಲ ಬಿಡುವುದಿಲ್ಲ. ಕೂಲಿಯನ್ನೇ ನಂಬಿದ ಮನೆಗೆ ಜ್ವರಕ್ಕಿಂತ ದೊಡ್ಡ ಪೆಟ್ಟು ಇದು.

ವೈರಸ್ ಕಣ್ಣಿಗೆ ಬಿದ್ದದ್ದರಿಂದ ಈ ನಿತ್ರಾಣಕ್ಕೆ ಕಾರಣ ಯಾರೂ ಕೇಳಲಿಲ್ಲ. ಕಾರಣ ಕಾಣದ ದೀರ್ಘ ಆಯಾಸದ ರೋಗಿಗಳಿಗೆ ಆ ಭಾಗ್ಯವಿರಲಿಲ್ಲ. 1955ರಲ್ಲಿ ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಯ ಸಿಬ್ಬಂದಿಯಲ್ಲಿ ಹಬ್ಬಿದ ಇಂಥ ಕಾಯಿಲೆಯನ್ನು 1970ರಲ್ಲಿ ಇಬ್ಬರು ಮನೋವೈದ್ಯರು ಸಾಮೂಹಿಕ ಉನ್ಮಾದವೆಂದು ಕರೆದರು. ರೋಗಿಗಳನ್ನು ಮಾತನಾಡಿಸದೆ, ಹಳೆಯ ದಾಖಲೆ ಓದಿಯೇ ಕೊಟ್ಟ ಆ ತೀರ್ಪು ಅನ್ಯಾಯದ್ದು. ಅದರ ನೆರಳು ದಶಕಗಟ್ಟಲೆ ಉಳಿಯಿತು.

ಈ ದೀರ್ಘ ಆಯಾಸಕ್ಕೆ ದೇಹದ ಸಾಕ್ಷ್ಯ ಸಿಗತೊಡಗಿದ್ದು ಆಮೇಲೆ. ಎರಡು ದಿನ ಬೆನ್ನುಬೆನ್ನಿಗೆ ಸೈಕಲ್ ತುಳಿಸಿ ಅಳೆದ ಹಲವು ಪರೀಕ್ಷೆಗಳಲ್ಲಿ ಎರಡನೇ ದಿನ ರೋಗಿಯ ಶಕ್ತಿ ಕುಸಿದದ್ದು ಕಂಡಿತು. 2014ರಲ್ಲಿ ಜಪಾನಿನ ತಂಡವೊಂದು 9 ರೋಗಿಗಳ ಮಿದುಳಿನ ಸ್ಕ್ಯಾನ್‌ನಲ್ಲಿ ಉರಿಯೂತದ ಗುರುತು ಕಂಡಿತು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ 2024ರಲ್ಲಿ ಸೋಂಕಿನ ನಂತರ ಇಂಥ ಆಯಾಸಕ್ಕೆ ಬಿದ್ದ 17 ಜನರ ಅಧ್ಯಯನ ಪ್ರಕಟಿಸಿ, ಮಿದುಳಿನ ಒಂದು ಭಾಗದ ಚಟುವಟಿಕೆ ತಗ್ಗಿರುವುದನ್ನು ತೋರಿಸಿತು. ರೋಗಿಗಳ ಸಂಖ್ಯೆ ಸಣ್ಣದು, ಎಲ್ಲ ತಂಡಗಳಿಗೂ ಒಂದೇ ಫಲಿತಾಂಶ ಸಿಕ್ಕಿಲ್ಲ, ರೋಗ ಖಚಿತಪಡಿಸುವ ರಕ್ತಪರೀಕ್ಷೆಯೂ ಇನ್ನೂ ಇಲ್ಲ.

ಮಂಗನ ಕಾಯಿಲೆ ಮಾತ್ರ ಈ ಸೀಮೆ ಬಿಟ್ಟಿಲ್ಲ. ಪರಿಣಾಮ ಸಾಲದೆಂದು ಈ ಕಾಯಿಲೆಗೆ ಕೊಡುತ್ತಿದ್ದ ಹಳೆಯ ಲಸಿಕೆ ನಿಂತ ಮೇಲೆ, 2024ರಲ್ಲಿ ಸಿದ್ದಾಪುರ ತಾಲ್ಲೂಕಿನಲ್ಲಿ ಮತ್ತೆ ಜನ ಮಲಗಿದರು. ಇಂಥ ಸೋಂಕಿನ ಬಳಿಕ ಉಳಿಯುವ ದೀರ್ಘ ಆಯಾಸವನ್ನು ವಿಶ್ವ ಆರೋಗ್ಯ ಸಂಸ್ಥೆ ತನ್ನ ಈಗಿನ ರೋಗಪಟ್ಟಿಯಲ್ಲಿ ನರಮಂಡಲದ ಕಾಯಿಲೆಗಳ ಅಧ್ಯಾಯದಲ್ಲಿ ಇಟ್ಟಿದೆ.