ಮಧುಗಿರಿ ಸೀಮೆಯ ಬೆಳೆಗಳೂ ಬೇರಿನ ರೋಗಗಳೂ

ಮಧುಗಿರಿ, ಕೊರಟಗೆರೆ, ಸಿರಾ, ಪಾವಗಡ ಈ ನಾಲ್ಕು ತಾಲ್ಲೂಕುಗಳು ಮಳೆ ಕಡಮೆಯಾದ ಬಯಲುಸೀಮೆಗೆ ಸೇರಿದವು. ನೀರಿನ ಆಸರೆಯಿರುವೆಡೆಗಳಲ್ಲಿ ಅಡಕೆಯೂ, ಮಳೆಯನ್ನೇ ನೆಚ್ಚಿದ ಕೆಂಪು ಹೊಲಗಳಲ್ಲಿ ಕಡಲೆಕಾಯಿಯೂ ಇಲ್ಲಿನ ರೈತನ ಕೈಗೆ ಹಣ ತರುವ ಬೆಳೆಗಳು. ೧೮೦೦ರಲ್ಲಿ ಮಧುಗಿರಿ, ಸಿರಾಗಳ ಮಾರ್ಗವಾಗಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಈ ಪ್ರಾಂತದ ಬೇಸಾಯವನ್ನು ತನ್ನ ಪ್ರವಾಸಗ್ರಂಥದಲ್ಲಿ ವರ್ಣಿಸಿರುವನು. ಅಡಕೆ, ಕಡಲೆಕಾಯಿಗಳೆರಡಕ್ಕೂ ಮಣ್ಣಿನೊಳಗಿನಿಂದ ಬರುವ ಕೇಡಿನ ನಿದಾನವಾದರೋ ಇಪ್ಪತ್ತನೆಯ ಶತಮಾನದಲ್ಲಿ ಸ್ಪಷ್ಟವಾಯಿತು.

ಅಡಕೆಮರದ ಈ ಕೇಡಿಗೆ ಅಣಬೆರೋಗವೆಂದು ಹೆಸರು. ಹೊರಸುತ್ತಿನ ಸೋಗೆಗಳು ಹಳದಿಯಾಗಿ ಜೋಲುವುವು. ಬುಡದಿಂದ ಕಂದುರಸ ಒಸರುವುದು. ಕಟ್ಟಕಡೆಗೆ ಬುಡದಲ್ಲಿ ಅಣಬೆ ಮೂಡುವುದು. ಹೀಗೆ ರೋಗಕ್ಕೆ ಹೆಸರು ಬಂದುದು ಅದರ ಕೊನೆಯ ಗುರುತಿನಿಂದ. ಇದಕ್ಕೆ ಕಾರಣವಾದ ಗ್ಯಾನೊಡರ್ಮವೆಂಬ ಶಿಲೀಂಧ್ರವು ಬಹುಕಾಲ ಮೊದಲೇ ಬೇರನ್ನು ಹೊಕ್ಕು, ನೆರೆಮರದ ಬೇರಿಗೂ ದಾಟುತ್ತಿರುತ್ತದೆ. ಹೊಂಗೆಯ ಬೇರೂ ಅದಕ್ಕೆ ಆಶ್ರಯವಾಗಬಲ್ಲುದು.

೧೯೦೮ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಲೆಸ್ಲಿ ಕೋಲ್ಮನ್, ಮಣ್ಣಿನ ಸೂಕ್ಷ್ಮಜೀವಿಗಳಿಂದಾಗುವ ನೈಟ್ರೇಟಿನ ಉತ್ಪತ್ತಿಯನ್ನು ಜರ್ಮನಿಯಲ್ಲಿ ಅಭ್ಯಾಸಮಾಡಿದ್ದ ವಿದ್ವಾಂಸನು. ಮಲೆನಾಡಿನ ಅಡಕೆಯ ಕೊಳೆರೋಗವನ್ನು ಕುರಿತ ಅವನ ಸಂಶೋಧನೆ ೧೯೧೦ರಲ್ಲಿ ಪ್ರಕಟವಾಯಿತು. ಮೈಲುತುತ್ತ, ಸುಣ್ಣಗಳ ಬೋರ್ಡೋ ದ್ರಾವಣವನ್ನು ಗೊನೆಗೆ ಎರಚಿ ಆ ರೋಗವನ್ನು ತಡೆಯುವುದು ರೂಢಿಗೆ ಬಂದಿತು. ಆದರೆ ಗೊನೆಯ ಶತ್ರುವಿಗೆ ಸಂದ ಉಪಾಯವು ಬೇರಿನ ಶತ್ರುವಿಗೆ ಸಲ್ಲಲಿಲ್ಲ. ಅಣಬೆರೋಗಕ್ಕೆ ಸತ್ತ ಮರವನ್ನು ಬೇರುಸಹಿತ ಕಿತ್ತು ಸುಡುವುದು, ರೋಗದ ಮರದ ಸುತ್ತ ಕಂದಕ ತೆಗೆದು ಬೇರುಗಳ ಸಂಪರ್ಕವನ್ನು ಕಡಿಯುವುದು, ನೀರು ನಿಲ್ಲದಂತೆ ಬಸಿಗಾಲುವೆ ಮಾಡುವುದು, ಬೇವಿನ ಹಿಂಡಿ ಹಾಕುವುದು, ಇವೇ ವಿಹಿತವಾದ ಕ್ರಮಗಳು.

ಕಡಲೆಕಾಯಿಯ ಬುಡಕೊಳೆಯ ಕಥೆಯೂ ಇದಕ್ಕೆ ಸಮೀಪವಾದುದು. ಅಮೆರಿಕದ ಫ್ಲಾರಿಡಾದಲ್ಲಿ ೧೮೯೨ರಲ್ಲಿ ರೋಲ್ಫ್ಸ್ ಎಂಬಾತನು ಟೊಮ್ಯಾಟೊ ಗಿಡದಲ್ಲಿ ಕಂಡ ಶಿಲೀಂಧ್ರಕ್ಕೆ ೧೯೧೧ರಲ್ಲಿ ಸಕಾರ್ಡೊ ಅವನ ಹೆಸರನ್ನೇ ಸೇರಿಸಿ ಸ್ಕ್ಲೆರೋಷಿಯಮ್ ರೋಲ್ಫ್ಸಿಯೈ ಎಂದು ನಾಮಕರಣಮಾಡಿದನು. ಸಾಸಿವೆಕಾಳಿನಂತಹ ಅದರ ಗಂಟುಗಳು ಬೆಳೆಯಿಲ್ಲದ ಕಾಲದಲ್ಲಿಯೂ ಮಣ್ಣಿನಲ್ಲಿ ಜೀವ ಹಿಡಿದಿರುತ್ತವೆ. ಆದುದರಿಂದ ಒಂದೇ ಹೊಲದಲ್ಲಿ ವರ್ಷವರ್ಷವೂ ಕಡಲೆಕಾಯಿಯನ್ನೇ ಬಿತ್ತುವವನು ತನ್ನ ಬೆಳೆಯೊಡನೆ ಶತ್ರುವನ್ನೂ ಸಾಕಿದಂತಾಗುವುದು.

ಮಣ್ಣಿನಲ್ಲಿ ಶತ್ರುಗಳು ಮಾತ್ರವೇ ವಾಸಿಸುವುದಿಲ್ಲ. ಟ್ರೈಕೋಡರ್ಮವೆಂಬ ಹಸುರು ಬೂಷ್ಟು ಬೇರೆ ಶಿಲೀಂಧ್ರಗಳನ್ನು ಸುತ್ತಿ ಕೊಲ್ಲುವುದನ್ನು ವೈಂಡ್ಲಿಂಗ್ ೧೯೩೨ರಲ್ಲಿ ತೋರಿಸಿದನು. ಅದನ್ನು ಬೀಜಕ್ಕೆ ಲೇಪಿಸುವುದೂ ಕೊಟ್ಟಿಗೆಗೊಬ್ಬರದಲ್ಲಿ ಬೆಳಸಿ ಹೊಲಕ್ಕೆ ಚೆಲ್ಲುವುದೂ ಮುಂದೆ ಬಳಕೆಗೆ ಬಂದುವು. ಗೊಬ್ಬರವನ್ನು ಪೈರಿನ ಆಹಾರವೆಂದು ಮಾತ್ರ ಎಣಿಸುತ್ತಿದ್ದ ಕಾಲ ಹೋಗಿ, ಅದು ಬೇರಿನ ಕಾವಲುಗಾರರ ಆಹಾರವೂ ಹೌದೆಂಬುದು ಇದರಿಂದ ಸಿದ್ಧವಾಯಿತು. ಅಣಬೆ ಕಂಡ ಮೇಲೆ ಮರ ಉಳಿಯದು. ಉಳಿಸತಕ್ಕದ್ದು ನೆರೆಯ ಮರಗಳ ಮಣ್ಣನ್ನು.