ಒಂದೇ ಕಾಲಕ್ಕೆ ಹಲವು ನುಡಿ

ಚನ್ನಗಿರಿಯ ಪೇಟೆಬೀದಿಯಲ್ಲಿ ಕನ್ನಡದೊಡನೆ ಉರ್ದು, ಲಂಬಾಣಿ ನುಡಿಗಳೂ ನಮ್ಮ ಕಿವಿಗೆ ಬೀಳುತ್ತವೆ. ಅಡಿಕೆ, ಮೆಕ್ಕೆಜೋಳದ ವ್ಯವಹಾರ ಈ ನುಡಿಗಳ ನಡುವೆ ಯಾವ ತೊಡಕೂ ಇಲ್ಲದೆ ಸಾಗುತ್ತದೆ. ಆದರೆ ಹಲವು ಭಾಷೆಗಳ ನಡುವೆ ಬದುಕುವುದು ಬೇರೆ. ತನ್ನದಲ್ಲದ ಎರಡು ಮೂರು ಭಾಷೆಗಳನ್ನು ಒಂದೇ ಕಾಲಕ್ಕೆ ಅಕ್ಷರಾಭ್ಯಾಸದಿಂದ ತೊಡಗಿ ಕಲಿಯುವುದು ಬೇರೆ. ಮೊದಲನೆಯದು ರೂಢಿ, ಎರಡನೆಯದು ಸಾಧನೆ. ಈ ಸೀಮೆಯಲ್ಲಿ ಅಂಥ ಸಾಧನೆಗೆ ನಿತ್ಯ ತೊಡಗುವವರು ಪಂಡಿತರಲ್ಲ, ತಾಂಡಾಗಳ ಆರು ವರ್ಷದ ಮಕ್ಕಳು. ಮನೆಯಲ್ಲಿ ಲಂಬಾಣಿ, ಶಾಲೆಗೆ ಕಾಲಿಟ್ಟ ದಿನವೇ ಕನ್ನಡ, ಜೊತೆಗೆ ಇಂಗ್ಲಿಷ್. ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷನ್ನು ಒಂದು ವಿಷಯವಾಗಿ ಕಲಿಸುವ ಕ್ರಮ 2007ರಲ್ಲಿ ಆರಂಭವಾಯಿತು. ಈ ಮಗುವಿನ ಶ್ರಮ ಎಷ್ಟು ದೊಡ್ಡದೆಂದು ಅರಿಯಬೇಕಾದರೆ, ಪ್ರಾಯಕ್ಕೆ ಬಂದ ಮೇಲೆ ಅದೇ ಶ್ರಮವನ್ನು ಕೈಗೊಂಡು ಅದರ ಗುರುತುಗಳನ್ನು ಗ್ರಂಥರೂಪದಲ್ಲಿ ಉಳಿಸಿಹೋದ ಕೆಲವರ ಇತಿಹಾಸವನ್ನು ನೋಡಬೇಕು.

1579ರಲ್ಲಿ ಗೋವೆಗೆ ಬಂದಿಳಿದ ಥಾಮಸ್ ಸ್ಟೀಫನ್ಸ್ ಇಂಗ್ಲೆಂಡಿನವರು, ಯೇಸುಸಭೆಯ ಗುರುಗಳು. ಅವರ ಹುಟ್ಟುನುಡಿ ಇಂಗ್ಲಿಷ್, ಪೂಜೆಯ ನುಡಿ ಲತೀನ್, ಗೋವೆಯ ಆಡಳಿತದ ನುಡಿ ಪೋರ್ಚುಗೀಸ್. ಜನರ ನಡುವೆ ನಿಲ್ಲಲು ಬೇಕಾಗಿದ್ದವು ಕೊಂಕಣಿ ಮತ್ತು ಮರಾಠಿ. ಇಷ್ಟು ಭಾಷೆಗಳ ಒತ್ತಡದಲ್ಲಿ ಅವರು ಕಂಗೆಡಲಿಲ್ಲ, ಹೋಲಿಸಿ ನೋಡಿದರು. 1583ರಲ್ಲಿ ತಮ್ಮ ಸೋದರನಿಗೆ ಬರೆದ ಪತ್ರದಲ್ಲಿ ಇಲ್ಲಿಯ ಭಾಷೆಗಳ ರಚನೆ ಗ್ರೀಕ್ ಮತ್ತು ಲತೀನ್ ಭಾಷೆಗಳನ್ನು ಹೋಲುತ್ತದೆಂದು ಅವರು ತಿಳಿಸಿದರು. ಸಂಸ್ಕೃತ, ಗ್ರೀಕ್, ಲತೀನ್‌ಗಳ ಬಾಂಧವ್ಯದ ಬಗ್ಗೆ ಸರ್ ವಿಲಿಯಂ ಜೋನ್ಸ್ ಕಲ್ಕತ್ತೆಯಲ್ಲಿ ಮಾತನಾಡಿದ್ದು 1786ರಲ್ಲಿ, ಎಂದರೆ ಇನ್ನೂರು ವರ್ಷಗಳ ತರುವಾಯ. ವಿದ್ವತ್ತಿನ ಇತಿಹಾಸ ಗುರುತಿಸುವ ಈ ಅರಿವು ಒಬ್ಬ ಭಾಷಾವಿದ್ಯಾರ್ಥಿಯ ದಿನನಿತ್ಯದ ಪಾಠದಲ್ಲಿ ಮೊಳೆತದ್ದು. ಅವರ 'ಕ್ರಿಸ್ತಪುರಾಣ' 1616ರಲ್ಲಿ ಅಚ್ಚಾಯಿತು. ಮರಾಠಿಯಲ್ಲಿ ಕೊಂಕಣಿಯ ಛಾಯೆ ಬೆರೆತ ಸುಮಾರು ಹನ್ನೊಂದು ಸಾವಿರ ಓವಿಗಳ ಕಾವ್ಯವದು. ಅವರು ಬರೆದ ಕೊಂಕಣಿ ವ್ಯಾಕರಣವು ಅವರ ನಿಧನಾನಂತರ 1640ರಲ್ಲಿ ಪ್ರಕಟವಾಯಿತು.

ಕನ್ನಡ ನೆಲದ ಒಳನಾಡಿಗೆ ಈ ಪರಂಪರೆ ಬಂದದ್ದು ಲಿಯೊನಾರ್ಡೊ ಚಿನ್ನಾಮಿಯವರಿಂದ. ಇಟಲಿಯವರಾದ ಈ ಯೇಸುಸಭೆಯ ಗುರುಗಳು ಹದಿನೇಳನೆಯ ಶತಮಾನದ ನಡುಭಾಗದಲ್ಲಿ ಶ್ರೀರಂಗಪಟ್ಟಣವನ್ನು ಕೇಂದ್ರವಾಗಿಟ್ಟುಕೊಂಡು ಮೈಸೂರು ಮಿಷನ್ನಿಗೆ ಅಡಿಪಾಯ ಹಾಕಿದರು. ಕನ್ನಡ ಕಲಿತು ವ್ಯಾಕರಣ, ಶಬ್ದಕೋಶ, ಧರ್ಮೋಪದೇಶದ ಬರಹಗಳನ್ನು ಸಿದ್ಧಪಡಿಸಿದ ಕೀರ್ತಿ ಅವರಿಗೆ ಸಲ್ಲುತ್ತದೆ. ಹೊಸ ಭಾಷೆ ಕಲಿಯುವವನು ಬರೆದಿಟ್ಟುಕೊಂಡ ಟಿಪ್ಪಣಿಯೇ ಮುಂದೆ ಬರುವವನಿಗೆ ವ್ಯಾಕರಣವಾಗುತ್ತದೆ. ಈ ಮಾತು ಅಂದಿನ ಎಲ್ಲ ಮಿಷನರಿಗಳಿಗೂ ಸಲ್ಲುತ್ತದೆ.

ಹತ್ತೊಂಬತ್ತನೆಯ ಶತಮಾನದ ಮಂಗಳೂರಿನಲ್ಲಂತೂ ಈ ಕೆಲಸ ಸುಗ್ಗಿಯನ್ನೇ ಕಂಡಿತು. ಅಲ್ಲಿಯ ಬೀದಿಯಲ್ಲಿ ತುಳು, ಕಚೇರಿಯಲ್ಲಿ ಕನ್ನಡ ಮತ್ತು ಇಂಗ್ಲಿಷ್, ಕಥೋಲಿಕರ ಮನೆಗಳಲ್ಲಿ ಕೊಂಕಣಿ, ಇಗರ್ಜಿಯ ಪೀಠದಲ್ಲಿ ಲತೀನ್. 1878ರ ಕೊನೆಯಲ್ಲಿ ಯೇಸುಸಭೆ ಮಂಗಳೂರಿನ ಹೊಣೆ ವಹಿಸಿಕೊಂಡಾಗ ಇಟಲಿಯಿಂದ ಬಂದ ಗುರುಗಳ ಪಾಡು ಊಹಿಸಬಹುದು. ಆ ಮಿಷನ್ನಿನ ಫಾದರ್ ಆಂಜೆಲೊ ಮಫೆಯಿ ಕೆಲವೇ ವರ್ಷಗಳಲ್ಲಿ, 1882ರಲ್ಲಿ ಕೊಂಕಣಿ ವ್ಯಾಕರಣವನ್ನೂ 1883ರಲ್ಲಿ ಕೊಂಕಣಿ ಮತ್ತು ಇಂಗ್ಲಿಷ್ ನಿಘಂಟನ್ನೂ ಹೊರತಂದರು. ಹಳೆಯ ನುಡಿ ಹೊಸ ನುಡಿಗೆ ಹೇಗೆ ನೆರವಾಗುತ್ತದೆ ಎಂಬುದಕ್ಕೆ 'ಇಗರ್ಜಿ' ಎಂಬ ಒಂದು ಪದವೇ ಸಾಕು. ಲತೀನಿನ 'ಎಕ್ಲೇಸಿಯ' ಪೋರ್ಚುಗೀಸಿನಲ್ಲಿ 'ಇಗ್ರೇಜ' ಆಗಿ, ನಮ್ಮ ಕರಾವಳಿಯಲ್ಲಿ ಇಗರ್ಜಿಯಾಯಿತು. ಲತೀನ್ ಬಲ್ಲ ಇಟಲಿಯವರಿಗೆ ಇಂಥ ಪದ ದೂರದ ಊರಿನಲ್ಲಿ ಸಿಕ್ಕ ನೆಂಟನಂತೆ. ಗಮನಿಸಬೇಕಾದ ಇನ್ನೊಂದು ಸಂಗತಿಯೂ ಇದೆ. ಕಥೋಲಿಕ ಗುರುವೊಬ್ಬರ ಈ ಕೃತಿಗಳು ಅಚ್ಚಾದದ್ದು ಪ್ರೊಟೆಸ್ಟೆಂಟರ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ. ಎರಡು ಸಭೆಗಳು ಒಂದಕ್ಕೊಂದು ಬೆನ್ನು ತಿರುಗಿಸಿಕೊಂಡಿದ್ದ ಕಾಲದಲ್ಲಿ ಜನರ ನುಡಿ ಅವರನ್ನು ಒಂದೇ ಅಚ್ಚಿನಮನೆಯಲ್ಲಿ ಕೂಡಿಸಿತು.

ಅದೇ ಬಾಸೆಲ್ ಮಿಷನ್ನಿನ ಫರ್ಡಿನಾಂಡ್ ಕಿಟ್ಟೆಲರನ್ನು ಕನ್ನಡಿಗರಿಗೆ ಪರಿಚಯಿಸಬೇಕಿಲ್ಲ. 1832ರಲ್ಲಿ ಉತ್ತರ ಜರ್ಮನಿಯಲ್ಲಿ ಹುಟ್ಟಿದ ಅವರು ಶಾಲೆಯ ದಿನಗಳಲ್ಲೇ ಲತೀನ್, ಗ್ರೀಕ್, ಹೀಬ್ರೂ, ಫ್ರೆಂಚ್, ಇಂಗ್ಲಿಷ್ ಭಾಷೆಗಳನ್ನು ಅಭ್ಯಸಿಸಿದ್ದರು. 1853ರಲ್ಲಿ ಭಾರತಕ್ಕೆ ಬಂದು ಕನ್ನಡವನ್ನು ಜನರ ಬಾಯಿಂದಲೂ ಹಳೆಯ ಕಾವ್ಯಗಳಿಂದಲೂ ಕಲಿತರು. ಜೊತೆಗೆ ಸಂಸ್ಕೃತ, ತುಳು, ಇತರ ದ್ರಾವಿಡ ಭಾಷೆಗಳತ್ತಲೂ ಗಮನ ಹರಿಸಿದರು. 1894ರಲ್ಲಿ ಪ್ರಕಟವಾದ ಸುಮಾರು ಎಪ್ಪತ್ತು ಸಾವಿರ ಪದಗಳ ಅವರ ಕನ್ನಡ ಇಂಗ್ಲಿಷ್ ನಿಘಂಟು ಈ ಬಹುಭಾಷಾ ಸಾಧನೆಯ ಫಲ. ಕನ್ನಡ ಪದಗಳ ಪಕ್ಕದಲ್ಲಿ ತಮಿಳು, ತೆಲುಗು, ಮಲಯಾಳಂ, ತುಳು ಭಾಷೆಗಳ ಸಂಬಂಧಿಕರೂ ಅದರಲ್ಲಿ ಸಾಲಾಗಿ ನಿಂತಿದ್ದಾರೆ.

ಹಲವು ಭಾಷೆಗಳನ್ನು ಒಟ್ಟಿಗೆ ಕಲಿಯುವವನಿಗೆ ಒದಗುವ ಲಾಭದ ಗುಟ್ಟು ಈ ಸಾಲುಗಳಲ್ಲೇ ಅಡಗಿದೆ. ನಮ್ಮ 'ಹಾಲು' ತಮಿಳಿನಲ್ಲಿ 'ಪಾಲ್'. 'ಹುಲಿ' ತಮಿಳಿನಲ್ಲಿ 'ಪುಲಿ', ತುಳುವಿನಲ್ಲಿ 'ಪಿಲಿ'. 'ಹತ್ತು' ತಮಿಳಿನಲ್ಲಿ 'ಪತ್ತು'. ನಮ್ಮ ಹಳಗನ್ನಡದಲ್ಲೂ ಈ ಪದಗಳಿಗೆ ಪಕಾರವೇ ಇತ್ತು. ಈ ಒಂದು ಸೂತ್ರ ಕೈಗೆ ಸಿಕ್ಕರೆ ನೂರಾರು ಪದಗಳ ಬಾಗಿಲು ಒಮ್ಮೆಗೇ ತೆರೆಯುತ್ತದೆ. ಹೋಲಿಸದೆ ಕಲಿತರೆ ಮೂರು ಭಾಷೆ ಮೂರು ಹೊರೆ. ಹೋಲಿಸಿ ಕಲಿತರೆ ಒಂದರ ಬೆಳಕು ಇನ್ನೊಂದರ ಮೇಲೆ ಬೀಳುತ್ತದೆ.

ಹೋಲಿಕೆಯ ಜೊತೆಗೆ ಈ ಹಿರಿಯರಿಗೆ ಇನ್ನೆರಡು ಅನುಕೂಲಗಳಿದ್ದವು. ಪ್ರತಿ ಭಾಷೆಗೂ ಅವರ ಬದುಕಿನಲ್ಲಿ ಗೊತ್ತಾದ ಒಂದು ಕೆಲಸವಿತ್ತು. ಲತೀನ್ ಪೂಜೆಗೆ, ಇಂಗ್ಲಿಷ್ ಸರ್ಕಾರದ ವ್ಯವಹಾರಕ್ಕೆ, ದೇಶಭಾಷೆ ಜನರೊಡನೆ ಮಾತಿಗೆ. ಆದ್ದರಿಂದ ಒಂದು ಇನ್ನೊಂದರ ಜಾಗವನ್ನು ಕಸಿಯಲಿಲ್ಲ. ಎರಡನೆಯದಾಗಿ, ಅವರ ಬಳಿಯಲ್ಲಿ ಮುನ್ಷಿಗಳಿದ್ದರು. ಪರಕೀಯನ ತೊದಲನ್ನು ಸಹನೆಯಿಂದ ಕೇಳಿ, ತಿದ್ದಿ, ಮತ್ತೆ ಹೇಳಿಕೊಟ್ಟ ಈ ದೇಶೀಯ ಪಂಡಿತರು ಇಲ್ಲದಿದ್ದರೆ ಯಾವ ನಿಘಂಟೂ ಹುಟ್ಟುತ್ತಿರಲಿಲ್ಲ. ಮುಖಪುಟಗಳಲ್ಲಿ ಅವರ ಹೆಸರಿಲ್ಲ. ಪುಟಪುಟದಲ್ಲೂ ಅವರ ದನಿಯಿದೆ.

ಈಗ ನಮ್ಮ ತಾಂಡಾದ ಮಗುವಿನತ್ತ ತಿರುಗೋಣ. ಸಂತ ಸೇವಾಲಾಲರ ಜನ್ಮಸ್ಥಳವೆಂದು ಬಂಜಾರರು ಪೂಜಿಸುವ ಸೂರಗೊಂಡನಕೊಪ್ಪ ಇರುವುದು ಪಕ್ಕದ ನ್ಯಾಮತಿ ತಾಲ್ಲೂಕಿನಲ್ಲೇ. ಅವರ ನುಡಿ ರಾಜಸ್ಥಾನಿ, ಗುಜರಾತಿಗಳ ಬಳಗಕ್ಕೆ ಸೇರಿದ್ದು; ಅದಕ್ಕೆ ತನ್ನದೇ ಆದ ರೂಢಿಯ ಲಿಪಿಯಿಲ್ಲ. ಮನೆಯಲ್ಲಿ 'ಯಾಡಿ' ಎಂದು ಕರೆದ ಜೀವವನ್ನು ಆ ಮಗು ಶಾಲೆಯಲ್ಲಿ 'ತಾಯಿ' ಎಂದೂ 'ಮದರ್' ಎಂದೂ ಒಂದೇ ವಾರದಲ್ಲಿ ಕಲಿಯಬೇಕು. ಕಿಟ್ಟೆಲರಿಗಿದ್ದ ಮುನ್ಷಿ ಈ ಮಗುವಿಗಿಲ್ಲ. ಅದರ ನುಡಿಯಲ್ಲೂ ಕನ್ನಡದಲ್ಲಿರುವಂತೆ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ, ಇಂಗ್ಲಿಷಿನಲ್ಲಿ ಮಾತ್ರ ನಡುವೆ ಬರುತ್ತದೆ ಎಂದು ತೋರಿಸಿಕೊಡುವವರು ವಿರಳ. ತಡವರಿಸಿದರೆ ದಡ್ಡನೆಂಬ ಪಟ್ಟ ಸುಲಭವಾಗಿ ಸಿಗುತ್ತದೆ. ಬಹುಭಾಷೆ ಕಲಿತ ವಿದೇಶೀಯನಿಗೆ ಪ್ರತಿಮೆ ನಿಲ್ಲಿಸಿ ಗೌರವಿಸಿದ ನಾವು, ಅದೇ ಹಾದಿಯಲ್ಲಿ ಬರಿಗಾಲಲ್ಲಿ ನಡೆಯುವ ನಮ್ಮ ಮಗುವನ್ನು ಕೊನೆಯ ಬೆಂಚಿಗೆ ಕಳುಹಿಸುವುದು ನ್ಯಾಯವೇ?

ಪ್ರೇಷಿತರ ಕಾರ್ಯಕಲಾಪಗಳ ಗ್ರಂಥದಲ್ಲಿ ಪಂಚಾಶತ್ತಮ ದಿನದ ಘಟನೆಯನ್ನು ಓದುವಾಗ ಶಿಷ್ಯರು ಹಲವು ಭಾಷೆಗಳಲ್ಲಿ ಮಾತನಾಡಿದ್ದನ್ನೇ ನಾವು ಹೆಚ್ಚಾಗಿ ನೆನೆಯುತ್ತೇವೆ. ನೆರೆದ ಜನರನ್ನು ಬೆರಗುಗೊಳಿಸಿದ್ದು ಮಾತ್ರ, ಪ್ರತಿಯೊಬ್ಬನಿಗೂ ತನ್ನ ತಾಯ್ನುಡಿ ಕೇಳಿಸಿತೆಂಬುದು. ತಾಂಡಾದ ಮಕ್ಕಳಿಗೆ ಪಾಠ ಹೇಳುವವರು, ಅವರ ನಡುವೆ ಸೇವೆ ಮಾಡುವ ಗುರುಗಳು, ಧಾರ್ಮಿಕ ಸಹೋದರಿಯರು ಲಂಬಾಣಿಯ ನೂರು ಪದಗಳನ್ನಾದರೂ ಕಲಿತು ಒಂದು ನೋಟ್‌ಬುಕ್ಕಿನಲ್ಲಿ ಕನ್ನಡ, ಇಂಗ್ಲಿಷ್ ಪದಗಳ ಪಕ್ಕ ಬರೆದಿಟ್ಟುಕೊಂಡರೆ ಖರ್ಚೇನೂ ಇಲ್ಲ. ತನ್ನ 'ಯಾಡಿ' ಎಂಬ ಪದ ಕರಿಹಲಗೆಯ ಮೇಲೆ 'ತಾಯಿ'ಯ ಪಕ್ಕದಲ್ಲಿ ಕಂಡ ಮಗು ಉಳಿದೆರಡು ಭಾಷೆಗಳತ್ತ ಹೆದರದೆ ಹೆಜ್ಜೆ ಇಡುತ್ತದೆ.